ಒತ್ತಿದರೆ ತೆರೆಯದ ಊರು

ಗೆಳೆಯರೇ, ಇವತ್ತು ಬೆಳಿಗ್ಗೆ ಸಾಗರದ ನಮ್ಮ ಆಫೀಸಿನಲ್ಲಿ ನನ್ನ ಕೈಕೆಳಗಿನ ಹುಡುಗ ಚಂದ್ರು ಮೇಲೆ ಕೂಗಾಡಿದೆ. ಎಪ್ಪತ್ತರ ದಶಕದ ಶಾಲಾ ದಾಖಲಾತಿ ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ನಮ್ಮದು. ಸಾಗರದ ಎಕ್ಸ್‌ಎಂಎಲ್ ಫೈಲಿನಲ್ಲೂ ಹೊಸನಗರದ ಫೈಲಿನಲ್ಲೂ ‘ಊರು’ ಎಂಬ ಟ್ಯಾಗ್, ಅಂದರೆ ಮಾಹಿತಿಗೆ ಅಂಟಿಸಿದ ಹೆಸರುಚೀಟಿ, ಇದೆ. ಒಂದರಲ್ಲಿ ಅದು ಹುಟ್ಟಿದ ಊರು, ಇನ್ನೊಂದರಲ್ಲಿ ಶಾಲೆಯ ಊರು. ಎರಡೂ ಬೆರೆಯದಿರಲಿ ಎಂದು ಬೇರೆ ಬೇರೆ ನೇಮ್‌ಸ್ಪೇಸ್ ಕೊಟ್ಟಿದ್ದೆ. ನೋಡಲು ಅದು ವೆಬ್ ವಿಳಾಸದ ಹಾಗೇ ಇರುತ್ತದೆ. ಚಂದ್ರು ಅದನ್ನೇ ಅಳಿಸಿದ್ದ.

“ಆ ಲಿಂಕ್ ಒತ್ತಿದ್ರೆ ಎಂತದೂ ಬರಲ್ಲ ಸಾರ್. ಸತ್ತಿದ್ದು ಅಂತ ತೆಗ್ದೆ.”

“ಅಲ್ಲಿ ಏನೂ ಇರಬೇಕಾಗಿಲ್ಲ ಮಾರಾಯ! ಅದು ಬರೀ ಗುರುತು. ಯಾವುದು ಎಲ್ಲಿಯದು ಅಂತ ಹೇಳಿದ್ರೆ ಸಾಕು.”

ತಮ್ಮ ಶಾಲಾ ದಾಖಲೆಯ ಪ್ರತಿಗಾಗಿ ಬಂದಿದ್ದ ಗಂಗಮ್ಮ ಬೆಂಚಿನಲ್ಲಿ ಕೂತು ಇದನ್ನೆಲ್ಲ ಕೇಳುತ್ತಿದ್ದರು. ಫೈಲು ಸರಿಪಡಿಸಿ ಅವರ ಹಾಳೆ ಮುದ್ರಿಸಿ ಕೊಟ್ಟೆ. ಓದಿ ವಾಪಸು ನೀಡಿದರು.

“ಹುಟ್ಟಿದ ಊರು ಖಾಲಿ ಬಿಟ್ಟಿದೀರಲ್ಲ ತಮ್ಮಾ. ಮೇಷ್ಟ್ರು ಅವತ್ತು ನೇರಲಸರ ಅಂತ ಬರ್ಕಂಡಿದ್ರು.”

ನೇರಲಸರ ಶರಾವತಿ ಹಿನ್ನೀರಿನಲ್ಲಿ ಮುಳುಗಿದ ಊರು. ಈಗಿನ ನಕ್ಷೆಯಲ್ಲಿಲ್ಲದ ಊರುಗಳನ್ನೆಲ್ಲ ಹೋದ ವಾರ ಕಂಪ್ಯೂಟರಿನ ಊರುಗಳ ಪಟ್ಟಿಯಿಂದ ತೆಗೆದವನು ನಾನೇ. ಪಟ್ಟಿಯಲ್ಲಿಲ್ಲದ ಊರು ಹಾಳೆಯಲ್ಲಿ ಮುದ್ರಣವಾಗುವುದಿಲ್ಲ.

“ಆ ಊರು ಈಗಿಲ್ಲವಲ್ಲ ಅಮ್ಮಾ.”

“ಊರಿಲ್ಲ. ನಾ ಇದೀನಲ್ಲ.”

ಮುಳುಗಿದ ಊರುಗಳನ್ನೆಲ್ಲ ಒಂದೊಂದಾಗಿ ಪಟ್ಟಿಗೆ ಮತ್ತೆ ಸೇರಿಸಿದೆ. ಅಷ್ಟು ಹೊತ್ತೂ ಚಂದ್ರು ತನ್ನ ಪರದೆಯಿಂದ ತಲೆ ಎತ್ತಲಿಲ್ಲ, ನನ್ನ ತಪ್ಪನ್ನು ಎತ್ತಿ ಒಂದು ಮಾತೂ ಆಡಲಿಲ್ಲ. ಬೆಳಿಗ್ಗೆ ನಾನು ಅವನಿಗೆ ಅಷ್ಟು ಮರ್ಯಾದೆ ಕೊಟ್ಟಿರಲಿಲ್ಲ.