ನಾಲಿಗಿಗೆ ಅಂಟಿದ ‘ರಿ’

ನನ್ನ ಸಿನಿಮಾ ಅಂದಮೇಲೆ ಅದರಲ್ಲೊಬ್ಬ ದರ್ಪದ ಜಮೀನ್ದಾರ ಇರಲೇಬೇಕು. ಸಾಮಾಜಿಕ ಕಳಕಳಿಯ ನಿರ್ದೇಶಕ ಅನ್ನಿಸಿಕೊಂಡಮೇಲೆ ಅಷ್ಟಾದರೂ ಬೇಡವೇ? ಕುರ್ತಕೋಟಿಯಲ್ಲಿ ಶೂಟಿಂಗ್ ಮಾಡಿದಾಗ ಮೀಸೆ ನೋಡಿ ಊರ ಗೌಡರನ್ನೇ ಆ ಪಾತ್ರಕ್ಕೆ ಒಪ್ಪಿಸಿದೆ. ಅವರೆದುರಿನ ಕೂಲಿಯವಳ ಪಾತ್ರಕ್ಕೆ, ಅವರ ಹೊಲದಲ್ಲೇ ಕಳೆ ತೆಗೆದು ಮುದುಕಿಯಾದ ಫಕ್ಕೀರವ್ವ.

ಗೌಡರು ಆಕೆಯನ್ನು ಗದರಿಸಿ ಅಂಗಳದಿಂದ ಎಬ್ಬಿಸಬೇಕು. ಕ್ಯಾಮೆರಾ ಓಡಿತು. “ಏಳ್ರಿ, ಹೊರಗ ನಡೀರಿ,” ಅಂದರು.

“ಗೌಡ್ರ, ಆ ‘ರಿ’ ಬಿಡ್ರಿ,” ಅಂದೆ.

ಮತ್ತೆ ಅದೇ, “ನಡೀರಿ.” ಬೆವರು ಒರೆಸಿಕೊಂಡು, “ಹಿರೇ ಮನುಷ್ಯಾಳಿಗೆ ಹೆಂಗ್ರಿ ಅನ್ನೋದು? ನಾಲಿಗಿ ಹೊಳ್ಳವಲ್ದು,” ಅಂದರು.

ಬಿಸಿಲಲ್ಲಿ ಕೂತು ಬೇಸತ್ತಿದ್ದ ಫಕ್ಕೀರವ್ವ ತಣ್ಣಗೆ ಹೇಳಿದಳು: “ನಿಮ್ಮ ಅಪ್ಪಾರು ನನಗ ಬೈತಿದ್ರಲ್ರಿ, ಹಂಗ ಬೈರಿ. ನೀವೂ ಅಲ್ಲೇ ನಿಂತಿರ್ತಿದ್ರಿ.”

ಮತ್ತೆ ಕ್ಯಾಮೆರಾ ಓಡಿತು. ಈ ಸಲ ಗೌಡರ ಬಾಯಿಂದ ಬಂದದ್ದು ನಾನು ಬರೆದ ಮಾತಲ್ಲ. ಯೂನಿಟ್ಟಿನವರೆಲ್ಲ ಬೆಚ್ಚಿದರು. ಕಟ್ ಅನ್ನುವುದೇ ನನಗೆ ಮರೆತುಹೋಯಿತು.

ಫಕ್ಕೀರವ್ವ ಮಾತ್ರ ತಲೆಯಾಡಿಸಿ, “ಹಾಂ, ಇದ ನೋಡ್ರಿ ಖರೇ ಮಾತು,” ಅಂದಳು.

ಆ ಸಿನಿಮಾಕ್ಕೆ ಬಂದದ್ದು ಒಂದೇ ಪ್ರಶಸ್ತಿ, ಉತ್ತಮ ಸಂಭಾಷಣೆಗೆ. ಶಾಲು ಹೊದಿಸಿದ್ದು ನನಗೆ.