ಆಸಾಡಿಯಲ್ಲಿ ಟ್ಯೂನ್ ಮಾಡಿದ ಕಾರು

ಸಾಸ್ತಾನದ ಹೆದ್ದಾರಿ ಬದಿಯಲ್ಲಿ ಗ್ಯಾರೇಜು ಇಟ್ಟಿದ್ದ ಶೀನನನ್ನು ಊರವರು ಟರ್ಬೊ ಶೀನ ಎಂದೇ ಕರೆಯುತ್ತಿದ್ದರು. ಅವನ ಬಗ್ಗೆ ಈಗಲೂ ನೂರೆಂಟು ಕಥೆ ಹೇಳುತ್ತಾರೆ. ಅವನಿಗೆ ಪ್ರೇತ ಹಿಡಿದಿತ್ತು ಅಂತ ಒಬ್ಬ, ತಲೆ ಕೆಟ್ಟಿತ್ತು ಅಂತ ಇನ್ನೊಬ್ಬ. ಒಬ್ಬನಿಗೂ ಸುಡುಗಾಡು ಏನೂ ಗೊತ್ತಿಲ್ಲ. ಗೊತ್ತಿರುವವನು ನಾನು. ಬ್ರಹ್ಮಾವರದಲ್ಲಿ ನನ್ನದೊಂದು ಲೇತ್ ಅಂಗಡಿ. ಶೀನನ ಗ್ಯಾರೇಜಿನ ಕಬ್ಬಿಣವೆಲ್ಲ ನನ್ನ ಕೈ ದಾಟಿಯೇ ಹೋಗುತ್ತಿತ್ತು.

ಶೀನ ಗಂಗೊಳ್ಳಿಯವನು. ಅಪ್ಪ ಬೋಟಿಗೆ ಹೋಗುತ್ತಿದ್ದವರು. ಇವನಿಗೆ ಬೋಟು ಹತ್ತಿದರೆ ಸಾಕು, ಹೊಟ್ಟೆಯೊಳಗಿದ್ದದ್ದೆಲ್ಲ ಹೊರಗೆ. ಮೊಗವೀರರ ಮನೆಯಲ್ಲಿ ಹುಟ್ಟಿ ಕಡಲು ಆಗದವನಿಗೆ ಎಂಥ ಮರ್ಯಾದೆ? ಹದಿನಾರನೇ ವಯಸ್ಸಿಗೆ ಮುಂಬಯಿ ಬಸ್ಸು ಹತ್ತಿ, ಒಂದು ಗ್ಯಾರೇಜಿನಲ್ಲಿ ಹನ್ನೆರಡು ವರ್ಷ ಕೆಲಸ ಮಾಡಿದ. ಜಪಾನಿನ ಹಳೇ ಕಾರುಗಳನ್ನು ಅರ್ಧಕ್ಕೆ ಕೊಯ್ದು, ಮುಂಭಾಗವನ್ನು ಮಾತ್ರ ಹಡಗಿನಲ್ಲಿ ಅಲ್ಲಿಗೆ ತರುತ್ತಿದ್ದರಂತೆ. ಅದರೊಳಗಿನ ಟರ್ಬೊ ಇಂಜಿನ್ ಬಿಚ್ಚಿ ಇಲ್ಲಿನ ಕಾರಿಗೆ ಕೂರಿಸುವುದು, ಅದರಿಂದ ಇನ್ನಷ್ಟು ಶಕ್ತಿ ಹಿಂಡುವುದು ಅವನು ಕಲಿತು ಬಂದ ವಿದ್ಯೆ. 1997ರಲ್ಲಿ ಊರಿಗೆ ಬಂದು ಗ್ಯಾರೇಜು ಹಾಕಿದ.

ಟರ್ಬೊ ಅಂದರೆ ದೊಡ್ಡ ಮಂತ್ರವೇನಲ್ಲ. ಇಂಜಿನ್ನಿನಿಂದ ಹೊರಗೆ ಹೋಗುವ ಹೊಗೆಯೇ ಒಂದು ಪುಟ್ಟ ಫ್ಯಾನನ್ನು ತಿರುಗಿಸುತ್ತದೆ, ಅದು ಇನ್ನೊಂದು ಫ್ಯಾನನ್ನು ತಿರುಗಿಸಿ ಇಂಜಿನ್ನಿನೊಳಗೆ ಗಾಳಿ ತುರುಕುತ್ತದೆ. ಗಾಳಿ ಹೆಚ್ಚಾದಷ್ಟೂ ಬಲ ಹೆಚ್ಚು. ನೋಡಲು ಶಂಖದ ಹಾಗೇ ಇರುತ್ತದೆ, ಓಡುವಾಗ ಸಿಳ್ಳೆ ಹಾಕುತ್ತದೆ. ಆದರೆ ಗಾಳಿ ಮಿತಿ ಮೀರಿತೋ, ಪೆಟ್ರೋಲು ಹೊತ್ತು ತಪ್ಪಿ ಸಿಡಿದು ಒಳಗೆ ಟಿಕ್ ಟಿಕ್ ಎಂದು ಬಡಿಯಲು ಶುರುವಾಗುತ್ತದೆ. ನಾಕಿಂಗ್ ಅನ್ನುತ್ತಾರೆ. ಅದನ್ನು ಲೆಕ್ಕಿಸದೆ ಓಡಿಸಿದರೆ ಪಿಸ್ಟನ್ ಕರಗುತ್ತದೆ.

ಈಗಿನವರು ಇದಕ್ಕೆಲ್ಲ ಲ್ಯಾಪ್‌ಟಾಪ್ ಹಿಡಿದು ಕೂರುತ್ತಾರೆ. ಶೀನನಿಗೆ ಇದ್ದದ್ದು ಕಿವಿ ಮಾತ್ರ. ಐಸ್ ಪ್ಲಾಂಟಿನಿಂದ ತಂದ ತಾಮ್ರದ ಪೈಪಿನ ತುದಿಯನ್ನು ನಾನು ಚಪ್ಪಟೆ ಮಾಡಿ ತೂತು ಕೊರೆದು ಕೊಟ್ಟಿದ್ದೆ. ಅದನ್ನು ಇಂಜಿನ್ನಿಗೆ ಬೋಲ್ಟ್ ಹಾಕಿ ಬಿಗಿದು, ಇನ್ನೊಂದು ತುದಿಗೆ ರಬ್ಬರ್ ನಳಿಗೆ ಸಿಕ್ಕಿಸಿ ಕಿವಿಗೆ ಇಟ್ಟುಕೊಂಡು ಕಾರು ಓಡಿಸುತ್ತಿದ್ದ. ಟಿಕ್ ಕೇಳಿಸುವವರೆಗೆ ಬೂಸ್ಟ್, ಅಂದರೆ ಗಾಳಿಯ ಒತ್ತಡ, ಏರಿಸುವುದು, ಕೇಳಿಸಿದ ಕೂಡಲೇ ಸ್ವಲ್ಪ ಇಳಿಸುವುದು. ಆ ಕಿವಿಗೆ ಮಣಿಪಾಲದ ಕಾಲೇಜು ಹುಡುಗರು ಕೈ ಮುಗಿಯುತ್ತಿದ್ದರು, ನಾನೂ ಮುಗಿಯುತ್ತಿದ್ದೆ.

ಹೀಗೆ ಓಡಿಸಲು ಖಾಲಿ ರಸ್ತೆ ಬೇಕಲ್ಲ? ನಮ್ಮ ಹೆದ್ದಾರಿಯಲ್ಲಿ ವರ್ಷವಿಡೀ ಮೀನಿನ ಲಾರಿ. ಅವು ಸುರಿಸುವ ನೀರಿಗೆ ಚಕ್ರ ಇಟ್ಟರೆ ದೇವರೇ ಗತಿ. ಮಳೆಗಾಲದಲ್ಲಿ ಮೀನುಗಾರಿಕೆ ಬಂದ್ ಆದಾಗ ಮಾತ್ರ ಲಾರಿಗಳಿರುವುದಿಲ್ಲ. ಹಾಗಾಗಿ ಶೀನ ಟರ್ಬೊ ಕಾರುಗಳನ್ನೆಲ್ಲ ಆಸಾಡಿಗೆ, ಅಂದರೆ ಆಷಾಢದ ಮಳೆಗಾಲಕ್ಕೆ ಅಂತಲೇ ಇಟ್ಟುಕೊಳ್ಳುತ್ತಿದ್ದ. ಮಳೆ ಸ್ವಲ್ಪ ಹೊಳವಾದರೆ ಸಾಸ್ತಾನದಿಂದ ಕುಂಭಾಸಿವರೆಗೆ ಸಿಳ್ಳೆಯೋ ಸಿಳ್ಳೆ.

ತಪ್ಪಾದದ್ದು ಅಲ್ಲೇ. ಮಳೆಗಾಲದ ತಂಪು ಗಾಳಿಯಲ್ಲಿ, ಆ ನೀರಿನ ಪಸೆಯಲ್ಲಿ ಇಂಜಿನ್ ಸುಲಭಕ್ಕೆ ಬಡಿಯುವುದಿಲ್ಲ. ಕಿವಿಗೆ ಟಿಕ್ ಕೇಳುವುದಿಲ್ಲ, ಇವನು ಬೂಸ್ಟ್ ಏರಿಸುತ್ತ ಹೋಗುತ್ತಾನೆ. ಅದೇ ಕಾರು ಏಪ್ರಿಲ್ಲಿನ ಬೆಂಕಿ ಬಿಸಿಲಿಗೆ ಓಡಿದರೆ? ವರ್ಷ ವರ್ಷವೂ ಬೇಸಿಗೆಯಲ್ಲಿ ಒಂದೋ ಎರಡೋ ಕಾರು ಪಿಸ್ಟನ್ ಒಡೆದುಕೊಂಡು ವಾಪಸು ಬರುತ್ತಿತ್ತು. "ಪೆಟ್ರೋಲ್ ಕಲಬೆರಕೆ ಮರಾಯ್ರೆ" ಅನ್ನುತ್ತಿದ್ದ ಶೀನ. ನಾನೂ ಹೌದೌದು ಅಂದು ಪೆಟ್ರೋಲಿನವರಿಗೆ ಬೈದದ್ದೇ ಬೈದದ್ದು. ಇಬ್ಬರು ಮುಠ್ಠಾಳರಿಗೂ ಕ್ಯಾಲೆಂಡರ್ ನೋಡಬೇಕು ಅನ್ನಿಸಲಿಲ್ಲ.

2004ರ ಆಸಾಡಿಯಲ್ಲಿ ತೆಕ್ಕಟ್ಟೆಯ ಜಿತೇಂದ್ರ ತನ್ನ ಲ್ಯಾನ್ಸರ್ ತಂದ. ಜಿತೇಂದ್ರನ ಅಮ್ಮ ಜಲಜಕ್ಕ. ಮುಂಬಯಿಯಲ್ಲಿ ಹೋಟೆಲು ಇಟ್ಟಿದ್ದ ಗಂಡ ತೀರಿಕೊಂಡ ಮೇಲೆ ಊರಿಗೆ ಬಂದು ಅಕ್ಕಿ ಮಿಲ್ಲು ಹಾಕಿ, ಹನ್ನೆರಡು ಜನ ಆಳುಗಳನ್ನು ಕಣ್ಣಲ್ಲೇ ಓಡಾಡಿಸುವ ಹೆಂಗಸು. ಮಗ ಶೀನನ ಜೀವದ ಗೆಳೆಯ. ಅರ್ಧ ಕೊಯ್ದ ಕಾರಿನ ಎರಡು ಲೀಟರಿನ ಟರ್ಬೊ ಇಂಜಿನ್ನನ್ನು ಆ ಲ್ಯಾನ್ಸರಿಗೆ ಕೂರಿಸಲು ಇಬ್ಬರೂ ಊಟ ನಿದ್ದೆ ಬಿಟ್ಟರು. ಅಂಥ ಕಾರು ಈ ಕರಾವಳಿಯಲ್ಲಿ ಇರಲಿಲ್ಲ.

ಮುಂದಿನ ಏಪ್ರಿಲ್, ಮಟಮಟ ಮಧ್ಯಾಹ್ನ. ಕೋಟದ ಹತ್ತಿರ ಜಿತೇಂದ್ರ ಒಂದು ಬಸ್ಸನ್ನು ಹಿಂದೆ ಹಾಕಲು ಬಲಕ್ಕೆ ಬಂದ. ಎದುರಿನಿಂದ ಗಂಗೊಳ್ಳಿಯ ಮೀನು ತುಂಬಿದ ಲಾರಿ. ಜಿತೇಂದ್ರ ಸ್ಥಳದಲ್ಲೇ ತೀರಿಹೋದ. ಲಾರಿ ಓಡಿಸುತ್ತಿದ್ದವನು ಬೈಂದೂರಿನವನು, ಗುಡ್ಡ ಅಂತ ಹೆಸರು. ಲಾರಿಯದ್ದೇ ಅತಿವೇಗ ಅಂತ ಬಸ್ಸಿನವರು ಸಾಕ್ಷಿ ಹೇಳಿದರು, ಕೇಸು ಅವನ ಮೇಲೆ ಬಿತ್ತು.

ಜಜ್ಜಿ ಹೋದ ಕಾರನ್ನು ಜಲಜಕ್ಕ ಬಿಡಿಸಿ ತಂದು ಮಿಲ್ಲಿನ ಹಿಂದೆ ಟಾರ್ಪಾಲು ಹೊದೆಸಿ ಇಟ್ಟರು. ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಮರುದಿನ ಶೀನ ಅಲ್ಲಿಗೆ ಹೋಗಿ ಒಂದು ಸ್ಪಾರ್ಕ್ ಪ್ಲಗ್ ಬಿಚ್ಚಿದ. ನೇರ ನನ್ನ ಅಂಗಡಿಗೆ ಬಂದು ಅದನ್ನು ಮೇಜಿನ ಮೇಲಿಟ್ಟ. ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಸಾಸಿವೆಯಷ್ಟು ಸಣ್ಣ ಬೆಳ್ಳಿ ಚುಕ್ಕೆಗಳು. ಕರಗಿ ಸಿಡಿದ ಪಿಸ್ಟನ್ನಿನ ಅಲ್ಯೂಮಿನಿಯಂ ಅದು. ಅಂದರೆ ಲಾರಿ ತಾಗುವ ಮೊದಲೇ ಇಂಜಿನ್ ಸತ್ತಿತ್ತು. ಬಸ್ಸಿನ ಪಕ್ಕದಲ್ಲಿ, ನಟ್ಟ ನಡು ರಸ್ತೆಯಲ್ಲಿ, ಎಳೆಯುವ ಶಕ್ತಿಯೇ ಇಲ್ಲದೆ ಕಾರು ನಿಂತುಹೋಗಿತ್ತು.

"ಸೋಮಣ್ಣ, ನಾನೇ ಕೊಂದದ್" ಅಂದ ಶೀನ.

ನಾನು ಏನು ಮಾಡಿದೆ ಅಂತ ಹೇಳುತ್ತೇನೆ. ಅಂಗಡಿ ಬಾಗಿಲು ಎಳೆದೆ. "ಬಾಯ್ ಮುಚ್ಕಂಡ್ ಕೂಕೊ. ಸತ್ತವ ವಾಪಸ್ ಬತ್ನಾ? ನೀನೂ ಹಾಳಾತೆ, ನಾನೂ ಹಾಳಾತೆ" ಎಂದು ಬೈದೆ. ಆ ಪ್ಲಗ್ಗನ್ನು ಮಾಬುಕಳ ಸೇತುವೆಯಿಂದ ಹೊಳೆಗೆ ಎಸೆದವನೂ ನಾನೇ.

ಆಮೇಲೆ ಶುರುವಾಯಿತು ಅವನ ಪಾಡು. ಮಗನ ಗೆಳೆಯ ಅಂತ ಜಲಜಕ್ಕ ಪ್ರತಿ ಶನಿವಾರ ಶೀನನನ್ನು ಊಟಕ್ಕೆ ಕರೆಯುತ್ತಿದ್ದರು. ಇಲ್ಲ ಅನ್ನಲು ಬಾಯಿ ಬರದೆ ಇವನು ಹೋಗುತ್ತಿದ್ದ. ಮಿಲ್ಲಿನ ಶಾಫ್ಟು, ಬೇರಿಂಗು ಅಂತ ಎಷ್ಟೋ ಸಲ ನಾನೂ ಅಲ್ಲಿರುತ್ತಿದ್ದೆ. ಬಡಿಸುತ್ತ ಅವರು ಕೇಳುವುದು ಒಂದೇ ಪ್ರಶ್ನೆ: "ಶೀನಾ, ಅಷ್ಟ್ ಚಂದ ಗಾಡಿ ಬಿಡ್ವವ ನನ್ ಮಗ. ಅವ ಎಂತ ತಪ್ಪ್ ಮಾಡ್ದ?" ಶೀನ ತಟ್ಟೆ ನೋಡುತ್ತ "ಸ್ಪೀಡ್ ಜಾಸ್ತಿ ಆಯ್ತ್ ಕಾಣತ್ ಅಕ್ಕ" ಅನ್ನುತ್ತಿದ್ದ.

ಅವನಿಗೆ ಟಿಕ್ ಟಿಕ್ ಕೇಳಲು ಶುರುವಾಯಿತು. ಮಿಲ್ಲಿನ ಬೆಲ್ಟಿನಲ್ಲಿ, ಹೆಂಡತಿಯ ಹೊಲಿಗೆ ಯಂತ್ರದಲ್ಲಿ, ಹಂಚಿನ ಮೇಲೆ ಬೀಳುವ ಹನಿಯಲ್ಲಿ. ಬಸ್ಸಿನಲ್ಲಿ ಕೂತರೆ "ನಿಲ್ಸಿ, ಇಂಜಿನ್ ಬಡಿತಾ ಇತ್ತ್" ಎಂದು ಡ್ರೈವರನ ಹೆಗಲು ಹಿಡಿಯುತ್ತಿದ್ದ. ಡೀಸೆಲ್ ಬಸ್ಸು ಬಡಿಯದೆ ಇನ್ನೇನು ಮಾಡುತ್ತದೆ, ಪಾಪ! ಎಷ್ಟೋ ಮಧ್ಯಾಹ್ನ ಕೋಟದ ಆ ಜಾಗದಲ್ಲಿ ಬಿಸಿಲಿಗೆ ತಲೆ ಕೊಟ್ಟು ನಿಂತಿರುತ್ತಿದ್ದ. ಅಲ್ಲಿ ಟರ್ಬೊದ ಸಿಳ್ಳೆ ಕೇಳುತ್ತದೆ ಅಂತ ಜನ ಆಗಲೇ ಪುಕಾರು ಎಬ್ಬಿಸಿದ್ದರು. "ಭೂತ ಗೀತ ಎಂತ ಇಲ್ಲೆ, ಮನಿಗ್ ನಡಿ" ಎಂದು ಒಮ್ಮೆ ಕೈ ಹಿಡಿದು ಎಳೆದೆ. "ನಂಗ್ ಎಂತದೂ ಕಾಂತಿಲ್ಲೆ ಸೋಮಣ್ಣ. ಕಂಡಿದ್ರೆ ಕೈ ಮುಗಿತಿದ್ದೆ. ಬರೀ ಕೇಂತ್, ಆ ಟಿಕ್ ಟಿಕ್" ಅಂದ. ಕಿವಿಯಿಂದ ರಕ್ತ ಬರುವ ಹಾಗೆ ಕಡ್ಡಿ ಹಾಕಿ ಕೆರೆದುಕೊಂಡಿದ್ದ. ನನ್ನ ಕರವಸ್ತ್ರದಿಂದ ಒರೆಸಿದೆ. ಆದರೂ ಹೋಗಿ ಹೇಳಿಬಿಡು ಎನ್ನುವ ಮಾತು ನನ್ನ ಬಾಯಿಂದ ಬರಲಿಲ್ಲ.

ನಾಲ್ಕು ವರ್ಷ ಹೀಗೇ ಕಳೆಯಿತು. 2009ರಲ್ಲಿ ಒಂದು ಶನಿವಾರ ನಾವಿಬ್ಬರೂ ಮಿಲ್ಲಿನ ಜಗಲಿಯಲ್ಲಿ ಉಣ್ಣುತ್ತಿದ್ದೆವು. ಕುಚ್ಚಿಗೆ ಅಕ್ಕಿ ಅನ್ನ, ಬಂಗುಡೆ ಸಾರು. ಅಂಗಳದಲ್ಲಿ ಒಬ್ಬ ಬಂದು ನಿಂತ. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಕೋರ್ಟಿನ ಕಾಗದ. ಲಾರಿಯ ಗುಡ್ಡ.

"ಅಮ್ಮಾ, ಒಂದ್ ಮಾತ್ ಕೇಣಿ" ಅಂದ. "ಸದ್ಯದಲ್ಲೇ ತೀರ್ಪ್ ಅಂಬ್ರ್. ನಾ ಸ್ಪೀಡ್ ಇರ್ಲಿಲ್ಲೆ. ನಿಮ್ ಮಗ ಬಸ್ಸಿನ್ ಬದಿಗೆ ಬಂದಾಗ ಕಾರಿನ್ ಶಬ್ದ ಒಂದೇ ಸಲಕ್ಕೆ ನಿಂತೋಯ್ತ್. ಹೊಗೆ ಬಂತ್. ಅವ ನನ್ ಮುಖ ಕಂಡ ಅಮ್ಮಾ. ಕಣ್ ಮುಚ್ಚಿರೆ ಸಾಕ್, ದಿನಾ ಕಾಂತ ನನ್ನ. ಆವತ್ತಿಂದ ನಾ ಸ್ಟೇರಿಂಗ್ ಮುಟ್ಲಿಲ್ಲೆ."

"ಸುಳ್ಳ್!" ಜಲಜಕ್ಕ ಸೌಟು ಹಿಡಿದೇ ಎದ್ದು ನಿಂತರು. "ಜೈಲ್ ತಪ್ಸುಕೆ ಸತ್ತವನ್ ಗಾಡಿ ಮೇಲೆ ಹಾಕ್ತ್ಯಾ? ಶೀನಾ, ನೀನೇ ಹೇಳ್. ನೀ ಕೂರ್ಸಿದ್ ಇಂಜಿನ್. ಅದ್ ನಡು ದಾರಿಯಂಗೆ ನಿಲ್ಲುದಾ?"

ನಾನು ಶೀನನ ಪಾದವನ್ನು ಬಲವಾಗಿ ತುಳಿದೆ. ಅವನು ಕಾಲು ಎಳೆದುಕೊಂಡ.

"ನಿಂತದ್ ಹೌದ್ ಜಲಜಕ್ಕ. ನನ್ ಕೈಯಿಂದ್ಲೇ ನಿಂತದ್. ಆಸಾಡಿ ಮಳೆಯೊಳ್ಗೆ ಟ್ಯೂನ್ ಮಾಡ್ದೆ, ಬ್ಯಾಸಿಗಿ ಬಿಸ್ಲಿಗೆ ಪಿಸ್ಟನ್ ಕರಗ್ತ್. ಜಿತು ಎಂತ ತಪ್ಪೂ ಮಾಡ್ಲಿಲ್ಲೆ. ಇವ್ರೂ ಮಾಡ್ಲಿಲ್ಲೆ."

ಅಂಗಳದಲ್ಲಿ ಗುಡ್ಡ ಹಾಗೇ ಕುಕ್ಕರುಗಾಲಲ್ಲಿ ಕೂತು ಮುಖ ಮುಚ್ಚಿಕೊಂಡ.

"ನಿಂಗ್ ಯಾವತ್ತ್ ಗೊತ್ತಾದ್?" ಜಲಜಕ್ಕನ ಸ್ವರ ತಗ್ಗಿತ್ತು.

"ಬೊಜ್ಜದ್ ಮರ್ದಿನ."

ಅವರು ಬಗ್ಗಿ ಶೀನನ ಮುಂದಿದ್ದ ತಟ್ಟೆಯನ್ನು ಎತ್ತಿಕೊಂಡರು. ಅವನ ಕೈ ಇನ್ನೂ ಎಂಜಲಾಗಿತ್ತು.

"ಇಂಜಿನ್ ಕೆಡ್ಸಿದ್ದ್ ತಡ್ಕಂತೆ. ಕೈ ತಪ್ಪುದ್ ಯಾರಿಗಿಲ್ಲೆ? ನಾಕ್ ವರ್ಷ ನನ್ ಮಗನೇ ತಪ್ಪ್ ಮಾಡ್ದ ಅಂದೇಳಿ ನನ್ ಎದ್ರ್ ಕೂಕಂಡ್ ಹೇಳ್ದ್ಯಲ್ಲಾ ಶೀನಾ! ನಾ ಬಡ್ಸಿದ್ದನ್ನ ಉಂಡ್ಕಂಡ್ ಹೇಳ್ದ್ಯಲ್ಲಾ! ಅವ ಸತ್ತದ್ದಕ್ಕೆ ನಾ ಅವನಿಗೇ ಬೈತಿದ್ದೆ, ದೇವ್ರ್ ದೀಪ ಹಚ್ಚುವತ್ತಿಗೂ ಬೈತಿದ್ದೆ."

ಶೀನ ಎದ್ದು ಬಾವಿಕಟ್ಟೆಯಲ್ಲಿ ಕೈ ತೊಳೆದು, ಗುಡ್ಡನನ್ನು ತೋಳು ಹಿಡಿದು ಎಬ್ಬಿಸಿ, ಅವನ ಜೊತೆಯಲ್ಲೇ ಗೇಟು ದಾಟಿ ಹೋದ. ಕುಂದಾಪುರದ ಕೋರ್ಟಿನಲ್ಲಿ ತಾನೇ ಸಾಕ್ಷಿ ಹೇಳಿದ, ನನ್ನ ಹೆಸರು ಮಾತ್ರ ಎತ್ತಲಿಲ್ಲ. ಜಲಜಕ್ಕನ ಒಪ್ಪಿಗೆ ಪಡೆದು ಟಾರ್ಪಾಲು ತೆಗೆಸಿ ಇಂಜಿನ್ ಬಿಚ್ಚಿಸಿದಾಗ ಎರಡನೇ ಪಿಸ್ಟನ್ನಿನ ಅಂಚು ಕರಗಿ ಹೋಗಿದ್ದು ಎಲ್ಲರಿಗೂ ಕಂಡಿತು. ಗುಡ್ಡ ಬಿಡುಗಡೆಯಾದ. ಶೀನನ ಗ್ಯಾರೇಜಿಗೆ ಮತ್ತೆ ಒಂದು ಕಾರೂ ಬರಲಿಲ್ಲ. ಬಾಗಿಲು ಹಾಕಿ ಮಲ್ಪೆಗೆ ಹೋಗಿ ಬೋಟುಗಳ ಡೀಸೆಲ್ ಇಂಜಿನ್ ರಿಪೇರಿಗೆ ಸೇರಿಕೊಂಡ. 2013ರಲ್ಲಿ ಅಲ್ಲಿಗೆ ಹೋದಾಗ ಮಧ್ಯಾಹ್ನ ಬಲೆ ರಾಶಿಯ ಮೇಲೆ ಗೊರಕೆ ಹೊಡೆಯುತ್ತ ಮಲಗಿದ್ದ. ಎಬ್ಬಿಸಿ, "ಈಗ ಆ ಟಿಕ್ ಟಿಕ್ ಕೇಂತಾ ಮರಾಯ?" ಅಂತ ಕೇಳಿದೆ.

"ಇಲ್ಲೆ ಸೋಮಣ್ಣ. ಜಲಜಕ್ಕನ ಹತ್ರ ಹೇಳ್ದ್ ದಿನವೇ ನಿಂತಿತ್" ಅಂದ. ಆಮೇಲೆ ನನ್ನನ್ನೇ ನೋಡಿ, "ನಿಮ್ಗ್?" ಅಂದ.

ನಾನು ಬಸ್ಸಿಗೆ ಹೊತ್ತಾಯಿತು ಅಂತ ಎದ್ದು ಬಂದೆ.

ಶೀನ ಗೇಟು ದಾಟಿ ಹೋದ ಆ ಶನಿವಾರ ಜಗಲಿಯಲ್ಲಿ ಉಳಿದದ್ದು ನಾನು ಮತ್ತು ಜಲಜಕ್ಕ. ಅವರು ಕಂಬಕ್ಕೆ ಒರಗಿ ಕೂತರು. ಆಮೇಲೆ ನನ್ನ ಕಡೆ ತಿರುಗಿದರು.

"ಸೋಮ, ನಿಂಗೂ ಗೊತ್ತಿತ್ತಾ?"

"ಇಲ್ಲೆ ಜಲಜಕ್ಕ" ಅಂದೆ. "ದೇವ್ರಾಣೆ ಇಲ್ಲೆ."

ಅವರು ಕಣ್ಣೊರೆಸಿಕೊಂಡರು. "ನೀನಾದ್ರೂ ಇದ್ಯಲೆ" ಅಂದು ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದರು. ಈಗ ಪ್ರತಿ ಶನಿವಾರ ಅವರು ನನ್ನನ್ನು ಕರೆಯುತ್ತಾರೆ. ನಾನು ಹೋಗಿ ಉಂಡು ಬರುತ್ತೇನೆ.