ಕಿಟಕಿ ಮುಚ್ಚಿದ ಬಾಣಂತಿ ಕೋಣೆ

‘ಥಂಡಿ ಗಾಳಿ ತಗುಲಿ ಶೀತ ಆಯ್ತು’ ಎನ್ನುವವರನ್ನು ಕಂಡರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಎದುರು ಮಾತಾಡಿದರೆ ಜಗಳವಾಗುತ್ತದೆಂದು ಸುಮ್ಮನಿರುತ್ತೇನೆ. ಕೆಲವು ಸಲ ಸುಮ್ಮನಿರುವುದೂ ಇಲ್ಲ.

ಹೆರಿಗೆಗೆಂದು ಜಯನಗರದ ತವರಿಗೆ ಬಂದಿದ್ದೆ. ಹೆಣ್ಣು ಮಗು. ಮನೆಯ ಹಿಂದಿನ ಕೋಣೆಯನ್ನು ಅಮ್ಮ ಬಾಣಂತಿ ಕೋಣೆ ಮಾಡಿದ್ದಳು. ಅದಕ್ಕಿದ್ದದ್ದು ಒಂದೇ ಕಿಟಕಿ. ಅದನ್ನು ಗಟ್ಟಿಯಾಗಿ ಹಾಕಿ, ಸಂದಿಗೆಲ್ಲ ಹಳೇ ಪಂಚೆಯ ತುಂಡು ತುರುಕಿದ್ದಳು. ನನ್ನ ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಕಾಲಿಗೆ ಸಾಕ್ಸು. ದಿನಾ ಮಗುವಿನ ಸ್ನಾನವಾದ ಮೇಲೆ ಕೆಂಡಕ್ಕೆ ಸಾಂಬ್ರಾಣಿ ಹಾಕಿ ಕೋಣೆ ತುಂಬ ಹೊಗೆ ಎಬ್ಬಿಸುತ್ತಿದ್ದಳು. ಮಗು ಸೀನಿದರೆ ‘ಒಳ್ಳೇದೇ ಬಿಡು, ಶೀತ ಎಲ್ಲ ಹೊರಗೆ ಹೋಗ್ತಿದೆ’ ಎನ್ನುವಳು. ಅಮ್ಮ ಅಡುಗೆಮನೆಗೆ ಹೋದಾಗ ನಾನು ಕಿಟಕಿಯನ್ನು ಒಂದಿಷ್ಟು ತೆರೆಯುತ್ತಿದ್ದೆ. ಅವಳು ಬಂದು ಮುಚ್ಚುತ್ತಿದ್ದಳು. ಇದು ನಮ್ಮಿಬ್ಬರ ನಿತ್ಯದ ಯುದ್ಧವಾಗಿತ್ತು.

ಆ ಚಳಿಗಾಲದಲ್ಲಿ ನಮ್ಮ ಬಡಾವಣೆಯಲ್ಲಿ ಕೆಮ್ಮದವರೇ ಇರಲಿಲ್ಲ. ಪಕ್ಕದ ಮನೆ ಅಂಕಲ್ ಕೆಮ್ಮುವುದು ನಮ್ಮ ಹಾಲ್‌ಗೆ ಕೇಳುತ್ತಿತ್ತು. ಹಾಲಿನವನು ಕೆಮ್ಮುತ್ತಲೇ ಗೇಟಿನ ಹತ್ತಿರ ಬರುತ್ತಿದ್ದ. ಕೇಳಿದರೆ ಎಲ್ಲರದೂ ಒಂದೇ ಉತ್ತರ: ‘ವೆದರ್ ಚೇಂಜು.’ ಕೊರೋನಾ ಕಾಲದಲ್ಲಿ ಬಾಗಿಲ ಹಿಡಿಯನ್ನೂ ಸ್ಯಾನಿಟೈಸರ್‌ನಲ್ಲಿ ಉಜ್ಜಿದ್ದ ಜನ ಇವರೇ. ಕೈಗೆ ಸೋಪು ಹಾಕುವುದನ್ನೂ ಈಗ ಮರೆತಿದ್ದರು.

ಗಾಳಿಗೆ ಇಷ್ಟೆಲ್ಲ ಕಾವಲು ಹಾಕಿದ್ದ ನಮ್ಮ ಮನೆಯಲ್ಲಿ ಮನುಷ್ಯರಿಗೆ ಮಾತ್ರ ತಡೆಯೇ ಇರಲಿಲ್ಲ. ನಾಮಕರಣದ ದಿನ ಅದು ಪೂರ್ತಿ ಬಯಲಾಯಿತು. ಮಗು ನೋಡಲು ಬಂದವರೆಲ್ಲ ಆ ಪುಟ್ಟ ಕೋಣೆಯಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಂತರು. ಒಬ್ಬರು ಬಿಟ್ಟ ಉಸಿರನ್ನೇ ಇನ್ನೊಬ್ಬರು ಎಳೆದುಕೊಳ್ಳಬೇಕು, ಅಷ್ಟು ಇಕ್ಕಟ್ಟು. ಮೇಲೆ ಸಾಂಬ್ರಾಣಿ ಹೊಗೆ ಬೇರೆ. ಆಗ ಬನಶಂಕರಿಯಿಂದ ನನ್ನ ಗಂಡನ ಅಕ್ಕ ಬಂದರು. ಮೆಟ್ಟಿಲ ಹತ್ತಿರವೇ ಕೆಮ್ಮು ಕೇಳಿತು. ಒಳಗೆ ಬಂದು, ಅಂಗೈಗೆ ಕೆಮ್ಮಿ, ಅದೇ ಕೈಯನ್ನು ರೇಷ್ಮೆ ಸೀರೆಗೆ ಒರೆಸಿಕೊಂಡು ಮಗುವಿಗೆ ಕೈ ಚಾಚಿದರು.

ನಾನು ಮಗುವನ್ನು ಎದೆಗೆ ಅವುಚಿಕೊಂಡೆ. “ಅಕ್ಕ, ನಿಮಗೆ ಕೆಮ್ಮಿದೆ. ಇವತ್ತು ಎತ್ಕೋಬೇಡಿ, ಪ್ಲೀಸ್.”

“ಅಯ್ಯೋ, ಇದು ಬರೀ ಗಂಟಲು ಕೆರೆತ ಕಣೆ. ಸೋದರತ್ತೆ ಕಿವೀಲಿ ಹೆಸರು ಹೇಳದೆ ನಾಮಕರಣ ಹೇಗೆ ಆಗುತ್ತೆ?”

“ದೂರದಿಂದ್ಲೇ ಹೇಳಿ.”

ಅವರ ಮುಖ ಊದಿಕೊಂಡಿತು. ನನ್ನ ಗಂಡ ಗೋಡೆ ನೋಡಿದರು. ಬೀಗರ ಮುಂದೆ ಮಾನ ಹೋಯಿತೆಂದು ಅಮ್ಮ ನನ್ನ ತೋಳು ಚಿವುಟಿ, “ಸುಮ್ನಿರು, ಅವರ ಹಕ್ಕದು” ಎಂದು ಮಗುವನ್ನು ನನ್ನ ಕೈಯಿಂದ ಬಿಡಿಸಿ ಅವರಿಗೆ ಕೊಟ್ಟಳು. ನನಗೆ ಹೊಲಿಗೆ ಇನ್ನೂ ಎಳೆಯುತ್ತಿತ್ತು, ತಟ್ಟನೆ ಏಳಲೂ ಆಗಲಿಲ್ಲ. ಅವರು ಮಗುವಿನ ಕೆನ್ನೆಗೆ ಕೆನ್ನೆ ಹಚ್ಚಿ ಮೂರು ಸಲ ಹೆಸರು ಹೇಳಿದರು. ನಡುವೆ ಕೆಮ್ಮು ಬಂತು. ಮುಖ ಸಹ ತಿರುಗಿಸಲಿಲ್ಲ. ಎಲ್ಲರೂ ಅಕ್ಷತೆ ಹಾಕಿದರು.

ಆ ವಾರ ಕಳೆಯುವುದರೊಳಗೆ ಮಗು ಮೊಲೆ ಹಿಡಿಯುವುದನ್ನು ಬಿಟ್ಟಿತು. ಒಂದೆರಡು ಗುಟುಕು ಕುಡಿದು ಬಿಟ್ಟುಬಿಡುವುದು, ಏದುಸಿರು ಬಿಡುವುದು. ಬಟ್ಟೆ ಬಿಚ್ಚಿ ನೋಡಿದೆ. ಪ್ರತಿ ಉಸಿರಿಗೂ ಪಕ್ಕೆಲುಬಿನ ಸಂದಿ ಒಳಕ್ಕೆ ಹೋಗುತ್ತಿತ್ತು. ತುಟಿಯ ಸುತ್ತ ನೀಲಿ. ಅಮ್ಮ ಬಜೆ ತೇಯಲು ಹೊರಟಳು. ನಾನು ಕಿರುಚಿದ್ದು ಬೀದಿಗೆ ಕೇಳಿರಬೇಕು. ಆಟೋ ಹತ್ತಿದೆವು.

ಆಸ್ಪತ್ರೆಯಲ್ಲಿ ಮಗುವಿಗೆ ಆಕ್ಸಿಜನ್ ಹಾಕಿದ ಮೇಲೆ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, “ಮನೇಲಿ ಯಾರಿಗೆ ಕೆಮ್ಮಿತ್ತು?”

ಎಲ್ಲ ಹೇಳಿದೆ. ಅವರು ಬಿಡಿಸಿ ಹೇಳಿದರು. ಇದು ವೈರಸ್ಸು. ದೊಡ್ಡವರಿಗೆ ಬರೀ ನೆಗಡಿ; ಇಷ್ಟು ಸಣ್ಣ ಮಗುವಿಗೆ ಶ್ವಾಸದ ನಳಿಕೆಗಳೇ ಸಣ್ಣ, ಕಫ ಕಟ್ಟಿದರೆ ಉಸಿರಿಗೆ ದಾರಿಯಿಲ್ಲ. ಕೆಮ್ಮಿದಾಗ ಹನಿಗಳಲ್ಲಿ ಬರುತ್ತದೆ, ಕೈಯಿಂದಲೂ ಬರುತ್ತದೆ. ಚಳಿಗಾಲದಲ್ಲಿ ಜನ ಕಿಟಕಿ ಹಾಕಿಕೊಂಡು ಒಟ್ಟಿಗೆ ಕೂರುತ್ತಾರೆ, ವೈರಸ್ಸಿಗೂ ಅದೇ ಬೇಕು. ಹೊಗೆ ಮಗುವಿನ ಶ್ವಾಸಕ್ಕೆ ಇನ್ನಷ್ಟು ಕಷ್ಟ ಕೊಡುತ್ತದೆ. ಅಮ್ಮ ಮಧ್ಯೆ ಬಾಯಿ ಹಾಕಿ, “ಇವಳು ಕಿಟಕಿ ತೆಗೀತಿದ್ಲು ಡಾಕ್ಟ್ರೇ, ಅದಕ್ಕೇ ಅಲ್ವಾ?” ಎಂದಳು. “ತೆಗೆದಿದ್ದೇ ಒಳ್ಳೇದಾಯ್ತಮ್ಮ. ನಾಮಕರಣದ ದಿನಾನೂ ತೆಗೀಬೇಕಿತ್ತು” ಎಂದು ಅವರು ಮುಂದಿನ ಹಾಸಿಗೆಗೆ ಹೋದರು.

ನನ್ನ ಮಗಳು ಮೂಗಿಗೆ ಟ್ಯೂಬು ಹಾಕಿಕೊಂಡು ಮಲಗಿದ್ದಾಗ ಗಂಡನ ಅಕ್ಕ ಫೋನು ಮಾಡಿದರು. ವಿಚಾರಿಸಲಿಕ್ಕಲ್ಲ. “ಬಾಣಂತಿ ಕಿಟಕಿ ತೆಕ್ಕೊಂಡು ಕೂತ್ರೆ ಇನ್ನೇನಾಗುತ್ತೆ? ನಾವೂ ಮಕ್ಕಳನ್ನ ಸಾಕಿಲ್ವಾ?” ಎಂದರು. ಆ ಮಾತಿನ ಕೊನೆಗೂ ಕೆಮ್ಮಿದರು. ಇನ್ನು ನಮ್ಮ ಮನೆ ಮೆಟ್ಟಿಲು ಹತ್ತಬೇಡಿ ಎಂದು ಹೇಳಿ ಫೋನಿಟ್ಟೆ. ಗಂಡ ಸಮಾಧಾನ ಮಾಡಲು ಬಂದರು. ಅವರಿಗೂ ಒಂದಿಷ್ಟು ಬೈಗುಳ ಬಿತ್ತು.

ಮಗು ಉಳಿಯಿತು. ಮತ್ತೆ ಜೋರಾಗಿ ಅಳಲು ಶುರುಮಾಡಿದ ದಿನ ವಾರ್ಡಿನ ಎಲ್ಲರಿಗೂ ಕೇಳುವಂತೆ ನಾನೂ ಅತ್ತೆ. ಮನೆಗೆ ಕಳಿಸುವಾಗ ಡಾಕ್ಟರು, ಇನ್ನೂ ಕೆಲವು ವಾರ ಕೆಮ್ಮು ನೆಗಡಿಯವರು ಯಾರೂ ಹತ್ತಿರ ಬರಬಾರದು, ಈಗ ಇನ್ನೊಂದು ಸಲ ಬಂದರೆ ಇದಕ್ಕೆ ತಡೆಯುವ ಶಕ್ತಿಯಿಲ್ಲ ಎಂದರು. ಅಮ್ಮ ಜೋರಾಗಿ ತಲೆಯಾಡಿಸಿದಳು. ಮನೆಗೆ ಬಂದ ಮೇಲೆ ಕಿಟಕಿಯ ಪಂಚೆಯನ್ನು ತಾನೇ ಕಿತ್ತು ಎಸೆದಳು. ಬುದ್ಧಿ ಬಂತಲ್ಲ ಎಂದುಕೊಂಡೆ.

ಮೂರು ದಿನವಾಗಿರಬಹುದು. ಅಮ್ಮ ಪದೇ ಪದೇ ಬಚ್ಚಲಿಗೆ ಹೋಗಿ ನಲ್ಲಿಯನ್ನು ಜೋರಾಗಿ ಬಿಡುತ್ತಿದ್ದಳು. ಪಾತ್ರೆಯ ಸದ್ದಿಲ್ಲ, ಬಟ್ಟೆಯ ಸದ್ದಿಲ್ಲ. ಅನುಮಾನ ಬಂದು ಬಾಗಿಲು ತಳ್ಳಿದೆ. ಬಾಯಿಗೆ ಸೆರಗು ಒತ್ತಿಕೊಂಡು ಬಗ್ಗಿ ನಿಂತು ಕೆಮ್ಮುತ್ತಿದ್ದಳು.

“ಯಾವಾಗಿಂದ?”

“ಏನೂ ಇಲ್ಲ ಕಣೆ, ಗಂಟಲು ಕೆರೀತು ಅಷ್ಟೆ. ಹೇಳಿದ್ರೆ ಮಗೂನ ಕೊಡ್ತಿರಲಿಲ್ಲ ನೀನು.”

ಅಂದು ಬೆಳಗ್ಗೆಯೂ ಅವಳೇ ಮಗುವಿಗೆ ಸ್ನಾನ ಮಾಡಿಸಿದ್ದಳು. ಇಷ್ಟೆಲ್ಲ ನೋಡಿದವಳು, ಮಗುವಿನ ಎದೆ ಒಳಕ್ಕೆ ಹೋಗುವುದನ್ನು ಕಣ್ಣಾರೆ ಕಂಡವಳು ನನ್ನ ಅಮ್ಮ. ಗಂಡನಿಗೆ ಫೋನು ಮಾಡಿ ಕಾರು ತರಿಸಿದೆ. ಗೊಟ್ಟಿಗೆರೆಯ ನಮ್ಮ ಫ್ಲ್ಯಾಟಿಗೆ ಹೊರಟೆ. ಬಾಣಂತನ ಮುಗಿಯದೆ ತವರು ಬಿಟ್ಟರೆ ಜನ ಏನಂತಾರೆ ಎಂದು ಅಮ್ಮ ಗೇಟಿನವರೆಗೂ ಅಳುತ್ತಾ ಬಂದಳು. ನಾನು ಕಾರು ಹತ್ತುವಾಗ ಮಗುವಿಗಾಗಿ ಎರಡೂ ಕೈ ಚಾಚಿದಳು. ನಾನು ಹಿಂದೆ ಸರಿದೆ.

“ನಾನೂ ಹೊರಗಿನೋಳಾದ್ನಾ?” ಎಂದಳು.

“ಹೂಂ, ಅಮ್ಮ” ಎಂದು ಕಾರಿನ ಬಾಗಿಲು ಎಳೆದುಕೊಂಡೆ.